ನೆಲಕ್ಕೆ ಬಿದ್ದ ದಾಳ

ದಾಳ ಮೇಜಿನ ಅಂಚು ದಾಟಿ ನೆಲಕ್ಕೆ ಬಿತ್ತು. ಎಂಟು ಮುಖದ ಕೆಂಪು ದಾಳ. ಉರುಳಿಕೊಂಡು ಹೋಗಿ ಅಕ್ಕನ ಮಗಳ ಕುರ್ಚಿಯ ಕಾಲಿನ ಹತ್ತಿರ ನಿಂತಿತು. ಕೂತಲ್ಲಿಂದಲೇ ನನಗೆ ಅಂಕಿ ಕಂಡಿತು, 7. ಇನ್ನೊಂದು ದಾಳ ರಟ್ಟಿನ ಮರೆಯ ಹಿಂದೆ, ನನ್ನ ಮುಂದೆಯೇ ಇತ್ತು. ಅದರಲ್ಲಿ 6.

ನಾವು ಆಡುತ್ತಿದ್ದದ್ದು ಡಂಜನ್ಸ್ ಅಂಡ್ ಡ್ರಾಗನ್ಸ್, ದಾಳ ಹಾಕುತ್ತಾ ಕಥೆ ನಡೆಸುವ ಆಟ. ಅದರಲ್ಲಿ ಓಗರ್ ಎಂಬ ದೈತ್ಯ ಗದೆ ಬೀಸಿ ತಾಗಿದರೆ ಎಂಟು ಮುಖದ ಎರಡು ದಾಳ ಹಾಕಿ, ಬಂದದ್ದಕ್ಕೆ 4 ಸೇರಿಸಬೇಕು. ಅಲ್ಲಿಗೆ ಒಟ್ಟು 17. ಏಟು ಬಿದ್ದದ್ದು ಭೈರವಿಗೆ. ಭೈರವಿ ಅಂದರೆ ಅಕ್ಕನ ಮಗಳ ಪಾತ್ರ, ಮೊದಲ ಲೆವೆಲ್‌ನ ಮಂತ್ರಗಾತಿ. ಅವಳಿಗಿದ್ದದ್ದು ಬರೀ 7 ಹಿಟ್ ಪಾಯಿಂಟ್, ಅಂದರೆ ಏಟು ತಾಳುವ ಶಕ್ತಿ. ಏಳು ಕಳೆದ ಮೇಲೂ ಏಟಿನಲ್ಲಿ ಹತ್ತು ಉಳಿಯುತ್ತದೆ. ಹಾಗೆ ಉಳಿದದ್ದು ಪಾತ್ರದ ಪೂರ್ತಿ ಹಿಟ್ ಪಾಯಿಂಟಿನಷ್ಟಿದ್ದರೆ, ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಪಾತ್ರ ಅಲ್ಲೇ ಸತ್ತಂತೆ. ಎಬ್ಬಿಸುವ ಪ್ರಶ್ನೆಯೇ ಇಲ್ಲ.

"ಒಂಬತ್ತು," ಅಂದೆ ನಾನು. "ಭೈರವಿ ಪ್ರಜ್ಞೆ ತಪ್ಪಿ ಬಿದ್ದಳು. ಉಸಿರಿದೆ."

ಅಕ್ಕನ ಮಗಳು ಬಗ್ಗಿ ದಾಳ ಎತ್ತಿ ನನ್ನ ಕೈಗೆ ಕೊಟ್ಟಳು. ಏನೂ ಹೇಳಲಿಲ್ಲ. ಆಟ ಮುಂದುವರಿಯಿತು, ಭೈರವಿ ಬದುಕಿಕೊಂಡಳು, ಎಲ್ಲರೂ ಕಾಫಿ ಕುಡಿದು ಮನೆಗೆ ಹೋದರು.

ಮುಂದಿನ ಭಾನುವಾರ ಉಳಿದವರು ಬರುವುದಕ್ಕೆ ಮೊದಲೇ ಅವಳು ಬಂದಳು. ಹತ್ತನೇ ಕ್ಲಾಸಿನ ಹುಡುಗಿ. ಚಪ್ಪಲಿ ಬಿಡುತ್ತಲೇ ಕೇಳಿದಳು. "ಮಾಮ, ನೆಲಕ್ಕೆ ಬಿದ್ದ ದಾಳದಲ್ಲೇ ಏಳಿತ್ತು. ಏಳು, ನಾಲ್ಕು ಹನ್ನೊಂದು. ಒಂಬತ್ತು ಹೆಂಗಾಯ್ತು?"

ನನಗೆ ಮಾತು ಹೊರಡಲಿಲ್ಲ. ಅವಳೇ ಮುಂದುವರಿಸಿದಳು. "ಹಂಗಾದ್ರೆ ನಾನೇನ್ ಮಾಡಿದ್ರೂ ಭೈರವಿ ಸಾಯಲ್ಲ ಅಲ್ವಾ?"

ಅವಳ ದನಿಯಲ್ಲಿ ಕೋಪ ಇರಲಿಲ್ಲ. ಆಟದ ಮೇಲಿದ್ದ ಆಸೆ ಒಂದಿಷ್ಟು ಇಳಿದುಹೋಗಿತ್ತು. ಕೋಪಕ್ಕಿಂತ ಅದೇ ನನಗೆ ಜಾಸ್ತಿ ಚುಚ್ಚಿತು. ಯಾಕೆಂದರೆ ಹಿಂದಿನ ವಾರ ಭೈರವಿ ಬಾಗಿಲ ಮರೆಯಲ್ಲಿ ಸುರಕ್ಷಿತವಾಗಿ ನಿಂತಿದ್ದಳು. ಓಗರ್ ಎದುರು ಗುಬ್ಬಿ ಎಂಬ ಜೊತೆಗಾರ ಬಿದ್ದದ್ದನ್ನು ನೋಡಿ, ಅವನನ್ನು ಎಳೆದುಕೊಳ್ಳಲು ತಾನಾಗಿ ಹೊರಗೆ ಬಂದಳು. ಹತ್ತನೇ ಕ್ಲಾಸಿನ ಹುಡುಗಿ ಅರ್ಧ ನಿಮಿಷ ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿ ತೆಗೆದುಕೊಂಡ ತೀರ್ಮಾನ ಅದು. ನನ್ನ ಒಂದು ಸುಳ್ಳಿನಿಂದ ಅದಕ್ಕೆ ಬೆಲೆಯೇ ಇಲ್ಲದ ಹಾಗಾಯಿತು. ಸಾಯುವ ಭಯವೇ ಇಲ್ಲದಿದ್ದರೆ ಬಾಗಿಲು ದಾಟಿ ಬರುವುದರಲ್ಲಿ ಧೈರ್ಯ ಎಲ್ಲಿ ಬಂತು?

ಗೊತ್ತಿಲ್ಲದವರಿಗೆ ಆಟದ ಬಗ್ಗೆ ಎರಡು ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಮಾಡಿದ ಆಟ. ಒಬ್ಬ ಕಥೆ ನಡೆಸುತ್ತಾನೆ, ಶತ್ರುಗಳ ಪರವಾಗಿ ಆಡುತ್ತಾನೆ, ತೀರ್ಪನ್ನೂ ಕೊಡುತ್ತಾನೆ. ಅವನು ಡಂಜನ್ ಮಾಸ್ಟರ್, ಎಲ್ಲರೂ ಕರೆಯುವುದು ಡಿಎಂ ಅಂತ. ನಮ್ಮ ಮೇಜಿನಲ್ಲಿ ಅದು ನಾನು. ಉಳಿದವರು ತಲಾ ಒಂದು ಪಾತ್ರ ಆಡುತ್ತಾರೆ. ಬೀಸಿದ ಕತ್ತಿ ತಾಗಿತಾ, ಹಾರಿದ ಹಳ್ಳ ದಾಟಿತಾ ಅನ್ನುವುದನ್ನು ದಾಳ ಹೇಳುತ್ತದೆ.

ನಮ್ಮ ಆಟ ಮೈಸೂರಿನ ಸರಸ್ವತಿಪುರಂನಲ್ಲಿ, ನಮ್ಮ ಮನೆಯ ಊಟದ ಮೇಜಿನ ಮೇಲೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರು, ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತದೆ. ಡ್ರಾಯಿಂಗ್ ಶೀಟಿನ ಮೇಲೆ ಒಂದೊಂದು ಇಂಚಿಗೆ ಪೆನ್ಸಿಲ್ ಗೆರೆ ಎಳೆದು ನಕ್ಷೆ ಮಾಡುತ್ತೇವೆ. ಗಾಬ್ಲಿನ್ ಎಂಬ ಕುಳ್ಳ ಶತ್ರುಗಳಿಗೆ ಹುಣಸೆ ಬೀಜ. ಓಗರ್‌ಗೆ ದಸರಾ ಗೊಂಬೆ ಪೆಟ್ಟಿಗೆಯ ಮರದ ಆನೆ. ಆಡುವವರು ನಾಲ್ಕು ಜನ. ಅಕ್ಕನ ಮಗಳ ಭೈರವಿ. ಪಕ್ಕದ ಬೀದಿಯ ರಿಟೈರ್ಡ್ ಮೇಷ್ಟ್ರು ಕೆಂಚಣ್ಣ ಎಂಬ ಕತ್ತಿವೀರ. ನನ್ನ ಬಾಲ್ಯದ ಗೆಳೆಯನದು ಗುಬ್ಬಿ, ಬೀಗ ತೆರೆಯುವ ಕಳ್ಳ. ಅವನ ಹೆಂಡತಿಯದು ಮಾದಮ್ಮ, ಗಾಯ ವಾಸಿ ಮಾಡುವ ಪೂಜಾರಿಣಿ.

ಆ ದಿನದ ಸುಳ್ಳಿಗೆ ದಾಳವನ್ನು ದೂರಿ ಪ್ರಯೋಜನ ಇಲ್ಲ. ತಪ್ಪು ಆಗಿದ್ದು ಅದಕ್ಕಿಂತ ಎರಡು ದಿನ ಮೊದಲು, ಶುಕ್ರವಾರ ರಾತ್ರಿ ನಾನು ಕಾಗದದ ಮೇಲೆ ಲೆಕ್ಕ ಹಾಕುವಾಗ.

ನಾವು ಆಡುವ ಐದನೇ ಆವೃತ್ತಿಯ 2014ರ ಪುಸ್ತಕದಲ್ಲಿ ಕಾಳಗದ ಕಷ್ಟ ಅಳೆಯಲು ಒಂದು ಪಟ್ಟಿ ಇದೆ. ಮೊದಲ ಲೆವೆಲ್‌ನ ಪಾತ್ರ ಒಂದಕ್ಕೆ 25 ಅಂಕದ ಶತ್ರು ಅಂದರೆ ಸುಲಭ, 50 ಮಧ್ಯಮ, 75 ಕಷ್ಟ, 100 ಪ್ರಾಣಾಂತಕ. ನಾಲ್ಕು ಜನರಿಗೆ ಪ್ರಾಣಾಂತಕ ಅಂದರೆ 400. ಒಂದು ಓಗರ್‌ನ ಬೆಲೆ 450. ಅದು ನನಗೆ ಗೊತ್ತಿತ್ತು. "ಸ್ವಲ್ಪ ಜಾಸ್ತಿ ಆಯ್ತು, ಪರವಾಗಿಲ್ಲ, ನಾಲ್ಕು ಜನ ಇದಾರೆ" ಅಂದುಕೊಂಡೆ.

ಆ 450ರ ಒಳಗೆ ಏನಿದೆ ಅಂತ ಬಿಡಿಸಿ ನೋಡಲಿಲ್ಲ. ಗದೆ ಏಟಿನ ಸರಾಸರಿ 13. ಏಳು ಹಿಟ್ ಪಾಯಿಂಟ್ ಇರುವ ಭೈರವಿ ನಿಂತಲ್ಲೇ ಸಾಯಬೇಕಾದರೆ 14 ಸಾಕು. ಎರಡು ದಾಳದಲ್ಲಿ ಹತ್ತೋ ಅದಕ್ಕಿಂತ ಜಾಸ್ತಿಯೋ ಬರುವುದು 64 ರೀತಿಯಲ್ಲಿ 28. ಅಂದರೆ ಗದೆ ತಾಗಿದ ನೂರು ಸಲದಲ್ಲಿ ಸುಮಾರು 44 ಸಲ ಅವಳು ಉಸಿರೆತ್ತದೆ ಹೋಗುತ್ತಾಳೆ. ಈ ಲೆಕ್ಕವನ್ನು ಶುಕ್ರವಾರವೇ ಮಾಡಿದ್ದರೆ ಭಾನುವಾರ ಸುಳ್ಳು ಹೇಳುವ ಹೊತ್ತೇ ಬರುತ್ತಿರಲಿಲ್ಲ.

ಅದಕ್ಕೂ ಎರಡು ವಾರ ಮುಂಚೆ ಇನ್ನೊಂದು ಆಗಿತ್ತು. ನಮ್ಮ ಮೇಜಿನ ಮೊಟ್ಟಮೊದಲ ಕಾಳಗ. ಆರು ಹುಣಸೆ ಬೀಜ, ಅಂದರೆ ಆರು ಗಾಬ್ಲಿನ್. ಒಂದಕ್ಕೆ 50ರ ಹಾಗೆ 300. ಸರಿಯಾಗಿ "ಕಷ್ಟ" ಅನ್ನುವ ಗೆರೆ. ಖುಷಿಯಾಯಿತು ನನಗೆ. ಆದರೆ ಆ ಪುಸ್ತಕದಲ್ಲಿ ಇನ್ನೊಂದು ಮೆಟ್ಟಿಲಿದೆ. ಶತ್ರುಗಳು ಇಬ್ಬರಿದ್ದರೆ ಒಟ್ಟನ್ನು ಒಂದೂವರೆಯಿಂದ ಗುಣಿಸಬೇಕು, ಮೂರರಿಂದ ಆರು ಇದ್ದರೆ ಎರಡರಿಂದ. ಅಲ್ಲಿಗೆ 300 ಇದ್ದದ್ದು 600 ಆಗುತ್ತದೆ. ನಾನು ಆ ಪುಟ ತಿರುಗಿಸಿಯೇ ಇರಲಿಲ್ಲ. ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಗುಬ್ಬಿಯೂ ಮಾದಮ್ಮನೂ ನೆಲ ಹಿಡಿದಿದ್ದರು.

ಯಾಕೆ ಗುಣಿಸಬೇಕು? ಕಬಡ್ಡಿ ನೋಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ರೈಡರ್ ಎಷ್ಟೇ ಬಲಶಾಲಿ ಆಗಿರಲಿ, ಅವನು ಒಬ್ಬ. ಒಬ್ಬ ಕಾಲು ಹಿಡಿದರೆ ಸಾಕು, ಉಳಿದ ಆರು ಜನ ಮೇಲೆ ಬೀಳುತ್ತಾರೆ. ಈ ಆಟದಲ್ಲೂ ಅಷ್ಟೇ. ಒಂದು ಸುತ್ತಿನಲ್ಲಿ ಯಾವ ಕಡೆಗೆ ಎಷ್ಟು ಸಲ ಕೈ ಎತ್ತುವ ಅವಕಾಶ ಇದೆ ಅನ್ನುವುದು ಹಿಟ್ ಪಾಯಿಂಟಿಗಿಂತ ದೊಡ್ಡ ವಿಷಯ. ಆರು ಗಾಬ್ಲಿನ್ ಅಂದರೆ ಆರು ಕತ್ತಿ. ನಮ್ಮವರು ನಾಲ್ಕು. ಇಬ್ಬರು ಬಿದ್ದರೆ ಎರಡು. ಅಲ್ಲಿಂದ ಮುಂದೆ ಬರೀ ಜಾರುಬಂಡೆ.

2024ರ ಹೊಸ ಪುಸ್ತಕದಲ್ಲಿ ಈ ಗುಣಾಕಾರವನ್ನೇ ತೆಗೆದುಹಾಕಿದ್ದಾರೆ. ಮೆಟ್ಟಿಲೂ ಮೂರೇ: ಕಡಿಮೆ, ಮಧ್ಯಮ, ಹೆಚ್ಚು. ಅದರ ಪ್ರಕಾರ ಮೊದಲ ಲೆವೆಲ್‌ನ ನಾಲ್ವರಿಗೆ ಮಧ್ಯಮ ಅಂದರೆ 300. ಅದೇ ಆರು ಗಾಬ್ಲಿನ್! ಒಂದು ಪುಸ್ತಕ ಪ್ರಾಣಾಂತಕವನ್ನೂ ಮೀರಿಸಿದ್ದು ಅನ್ನುವುದನ್ನೇ ಇನ್ನೊಂದು ಪುಸ್ತಕ ಮಧ್ಯಮ ಅನ್ನುತ್ತದೆ. ಹೊಸದು ಸುಲಭ, ನಿಜ. ಆದರೆ ಪಾತ್ರಗಳು ಚಿಕ್ಕ ಲೆವೆಲ್‌ನಲ್ಲಿ ಇರುವವರೆಗೆ ನಾನು ಹಳೆಯ ಗುಣಾಕಾರವನ್ನೇ ಇಟ್ಟುಕೊಂಡಿದ್ದೇನೆ. ಆರು ಕತ್ತಿ ಏನು ಮಾಡುತ್ತವೆ ಅಂತ ನನ್ನ ಮೇಜಿನ ಮೇಲೇ ನೋಡಿದ್ದೇನೆ.

ನಡುವೆ ಕೆಲವು ತಿಂಗಳು ಪಾತ್‌ಫೈಂಡರ್ ಎಂಬ ಇಂಥದ್ದೇ ಇನ್ನೊಂದು ಆಟದ ಎರಡನೇ ಆವೃತ್ತಿಯನ್ನೂ ಆಡಿದೆವು. 2019ರಲ್ಲಿ ಬಂದದ್ದು. ಅದರ ಲೆಕ್ಕ ತುಂಬಾ ಅಚ್ಚುಕಟ್ಟು. ನಾಲ್ಕು ಜನರಿಗೆ 80 ಅಂಕ ಅಂದರೆ ಮಧ್ಯಮ, 120 ತೀವ್ರ, 160 ಪರಮಾವಧಿ. ಪಾತ್ರಗಳ ಲೆವೆಲ್‌ನದೇ ಶತ್ರುವಿಗೆ 40. ಹೇಳಿದಷ್ಟೇ ಕಷ್ಟ ಆಗುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಮ್ಮ ಮೇಷ್ಟ್ರಿಗೆ ಅದೇ ಇಷ್ಟ. ಉಳಿದವರಿಗೆ ಓದಬೇಕಾದ ನಿಯಮ ಜಾಸ್ತಿ ಅನ್ನಿಸಿ ವಾಪಸ್ ಬಂದೆವು.

ಆದರೆ ಯಾವ ಪಟ್ಟಿಯೂ ನನ್ನ ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಪಟ್ಟಿ ಹೇಳುವುದು ಮೇಜಿಗೆ ಕೂರುವ ಮೊದಲಿನ ಮಾತು. ಕೂತ ಮೇಲೆ ದಾಳ ಕೈಕೊಡುತ್ತದೆ, ಒಳ್ಳೆಯ ಹುಡುಗಿ ಒಳ್ಳೆಯ ಕೆಲಸ ಮಾಡಲು ಹೋಗಿ ಸಾಯುವ ಹಾಗಾಗುತ್ತದೆ. ಆಗ ಡಿಎಂ ಏನು ಮಾಡಬೇಕು?

ನನಗೆ ಇದು ಬಿಡಿಸಿದ್ದು ಮಂಡ್ಯದ ಅಜ್ಜಿ ಮನೆಯ ನೆನಪಿನಿಂದ.

ಬೇಸಿಗೆ ರಜದಲ್ಲಿ ಮಧ್ಯಾಹ್ನ ಊಟ ಆದಮೇಲೆ ಅಜ್ಜಿ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದರು. ಐದಕ್ಕೆ ಐದು. ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕಟ್ಟೆ ಮನೆಯಲ್ಲಿ ಕೂತ ಕಾಯಿಯನ್ನು ಹೊಡೆಯುವ ಹಾಗಿಲ್ಲ. ಹೊರಗೆ ಸಿಕ್ಕರೆ ಹೊಡೆದು ಮೊದಲಿನ ಜಾಗಕ್ಕೆ ಕಳಿಸಬಹುದು. ಅಜ್ಜಿ ಕವಡೆ ಹಾಕುವಾಗ ಅಂಗೈ ಪೂರ್ತಿ ಬಿಚ್ಚುತ್ತಿದ್ದರು. ಬಿದ್ದ ಮೇಲೆ ನಾವು ಎಣಿಸಿ ಹೇಳುವವರೆಗೆ ಮುಟ್ಟುತ್ತಿರಲಿಲ್ಲ.

ನನಗೆ ಆರೋ ಏಳೋ ವರ್ಷ ಇದ್ದಾಗ ಅವರಿಗೆ ಮೂರು ಬಿದ್ದರೆ, ಆ ಮೂರರಲ್ಲಿ ನನ್ನ ಕಾಯಿ ಹೊಡೆಯುವ ದಾರಿ ಇದ್ದರೂ, ಅವರು ಇನ್ನೊಂದು ಕಾಯಿ ಎತ್ತಿ ಕಟ್ಟೆಗೆ ಸೇರಿಸುತ್ತಿದ್ದರು. "ಇದು ಮನೆಗೆ ಹೋಗ್ಲಿ ಕಂದ, ಪಾಪ ಬಿಸಿಲಲ್ಲೈತೆ" ಅನ್ನುತ್ತಿದ್ದರು. ನನಗೆ ಹತ್ತು ವರ್ಷ ತುಂಬಿದ ಮೇಲೆ ಅದೇ ಮೂರಕ್ಕೆ ನನ್ನ ಕಾಯಿ ಹೊಡೆದು, ಬಾಯಿತುಂಬ ನಗುತ್ತಿದ್ದರು. ನಾನು ಅಳುತ್ತಿದ್ದೆ. ಮಾರನೇ ದಿನ ಮತ್ತೆ ನಾನೇ ಸೀಮೆಸುಣ್ಣ ಹುಡುಕುತ್ತಿದ್ದೆ.

ಆಟದ ಕಷ್ಟವನ್ನು ಅಜ್ಜಿ ನನ್ನ ವಯಸ್ಸಿಗೆ ತಕ್ಕ ಹಾಗೆ ಏರಿಸುತ್ತಾ ಇಳಿಸುತ್ತಾ ಇದ್ದರು. ಆದರೆ ಬಿದ್ದ ಕವಡೆಯನ್ನು ಒಂದು ಸಲವೂ ತಿರುಗಿಸಲಿಲ್ಲ. ಮೂರು ಬಿದ್ದರೆ ಮೂರೇ. ಆ ಮೂರನ್ನು ಯಾವ ಕಾಯಿಗೆ ಕೊಡಬೇಕು ಅನ್ನುವುದು ಮಾತ್ರ ಅವರ ಕೈಯಲ್ಲಿತ್ತು. ಹಾಗಾಗಿ ನಾನು ಗೆದ್ದದ್ದು ನನ್ನ ಗೆಲುವೇ ಆಗಿತ್ತು. ಇವತ್ತು ಎಲ್ಲಾ ಗೊತ್ತಾದ ಮೇಲೂ ಆ ಗೆಲುವು ಸುಳ್ಳು ಅನ್ನಿಸುವುದಿಲ್ಲ.

ಇದು ಹೊಳೆದ ದಿನವೇ ರಟ್ಟಿನ ಮರೆಯನ್ನು ಅಟ್ಟಕ್ಕೆ ಹಾಕಿದೆ. ಈಗ ನನ್ನ ದಾಳ ಎಲ್ಲರ ಕಣ್ಣೆದುರು, ಸ್ಟೀಲ್ ತಟ್ಟೆಯಲ್ಲಿ ಬೀಳುತ್ತದೆ. ಸದ್ದೂ ಕೇಳುತ್ತದೆ.

ಇದನ್ನು ಒಪ್ಪದ ಡಿಎಂಗಳು ತುಂಬಾ ಜನ ಇದ್ದಾರೆ. ಕಥೆ ಚೆನ್ನಾಗಿ ಬರಬೇಕಾದರೆ ಆಗಾಗ ದಾಳ ಮುಚ್ಚಿಡಬೇಕು ಅನ್ನುತ್ತಾರೆ. ಅವರ ಕಳಕಳಿ ನನಗೆ ಅರ್ಥವಾಗುತ್ತದೆ, ನಾನೂ ಅದೇ ಕಳಕಳಿಯಿಂದ ಒಂಬತ್ತು ಅಂದವನು. ಆದರೆ ಆಡುವವರ ಹತ್ತಿರ ಸ್ವಂತದ್ದು ಅಂತ ಇರುವುದು ಒಂದೇ, ತಮ್ಮ ತೀರ್ಮಾನ. ಲೋಕ, ಶತ್ರು, ಮಳೆ, ಬಾಗಿಲು ಎಲ್ಲಾ ನಮ್ಮದು. ಅವರ ತೀರ್ಮಾನದ ಫಲವನ್ನೂ ನಾವೇ ಬರೆದುಬಿಟ್ಟರೆ ಅವರಿಗೆ ಉಳಿಯುವುದೇನು?

ಹಾಗಾದರೆ ಕಷ್ಟವನ್ನು ಹೊಂದಿಸುವುದು ಎಲ್ಲಿ? ನನ್ನ ಮೊದಲ ಉತ್ತರ, ಶತ್ರುವಿನ ಮನಸ್ಸಿನಲ್ಲಿ.

ಗಾಬ್ಲಿನ್‌ಗೆ ಸಾಯಲು ಇಷ್ಟ ಇಲ್ಲ. ಎಷ್ಟು ಸುಲಭದ ಮಾತು, ಆದರೂ ಎಷ್ಟೋ ದಿನ ನನ್ನ ಗಾಬ್ಲಿನ್‌ಗಳೆಲ್ಲ ಕೊನೆಯ ಉಸಿರಿನವರೆಗೆ ಹೊಡೆದಾಡುತ್ತಿದ್ದವು. ಕಾಡಿನಲ್ಲಿ ಅಡಗಿ ಬದುಕುವ ಪ್ರಾಣಿ ಹಾಗೆ ಮಾಡುತ್ತದಾ? ಹಳೆಯ ಆಟದಲ್ಲಿ ಇದಕ್ಕೊಂದು ನಿಯಮವೇ ಇತ್ತು. 1981ರ ಬೇಸಿಕ್ ಸೆಟ್‌ನಲ್ಲಿ ಪ್ರತಿ ಶತ್ರುವಿಗೂ ಧೈರ್ಯದ ಅಂಕಿ ಇದೆ. ಗುಂಪಿನಲ್ಲಿ ಮೊದಲನೆಯದು ಸತ್ತಾಗ ಒಮ್ಮೆ, ಅರ್ಧ ಗುಂಪು ಬಿದ್ದಾಗ ಇನ್ನೊಮ್ಮೆ, ಆರು ಮುಖದ ಎರಡು ದಾಳ ಹಾಕಬೇಕು. ಬಂದದ್ದು ಆ ಅಂಕಿಗಿಂತ ಜಾಸ್ತಿ ಆದರೆ ಅವು ಕಾಲಿಗೆ ಬುದ್ಧಿ ಹೇಳುತ್ತವೆ. ಗಾಬ್ಲಿನ್‌ಗೆ 7, ಓಗರ್‌ಗೆ 10. ಅಸ್ಥಿಪಂಜರಕ್ಕೆ 12, ಅಂದರೆ ಅದು ಓಡುವುದೇ ಇಲ್ಲ. ಈ ಒಂದು ಹಳೆಯ ನಿಯಮವನ್ನು ಐದನೇ ಆವೃತ್ತಿಗೆ ತಂದುಕೊಂಡದ್ದು ನಮ್ಮ ಮೇಜಿಗೆ ಆದ ದೊಡ್ಡ ಉಪಕಾರ. ಗಾಬ್ಲಿನ್ ಗುಂಪು ಪ್ರತಿ ಪರೀಕ್ಷೆಯಲ್ಲೂ 36ಕ್ಕೆ 15 ಸಲ ಓಡುತ್ತದೆ. ಆರರ ಕಾಳಗ ಎಷ್ಟೋ ಸಲ ಮೂರಕ್ಕೇ ಮುಗಿಯುತ್ತದೆ. ಸುಳ್ಳು ಹೇಳಬೇಕಾಗಿಲ್ಲ.

ಓಡಿಹೋದವು ಆಮೇಲೆ ಏನು ಮಾಡುತ್ತವೆ ಅನ್ನುವುದು ಮುಂದಿನ ವಾರದ ಕಥೆ. ಹಿಡಿದು ಕಟ್ಟಿಹಾಕಿದ ಒಂದು ಗಾಬ್ಲಿನ್ ಈಗ ನಮ್ಮ ತಂಡಕ್ಕೆ ಅಡುಗೆ ಮಾಡುತ್ತದೆ. ಮಾದಮ್ಮ ಅದಕ್ಕೆ ಸೊಪ್ಪಿನ ಸಾರು ಕಲಿಸಿದ್ದಾಳೆ.

ಓಗರ್‌ಗೆ ಏನು ಬೇಕು? ಬಹುಶಃ ಊಟ. ಹಾಗಿದ್ದರೆ ಬಿದ್ದ ಗುಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಗವಿಗೆ ನಡೆದುಬಿಡುತ್ತಿತ್ತು. ಭೈರವಿಯನ್ನು ಹೊಡೆಯುವ ಅಗತ್ಯವೇ ಇರಲಿಲ್ಲ. ಉಳಿದವರು ಬೆನ್ನಟ್ಟಿ ಹೋಗಬಹುದಿತ್ತು, ಉಪಾಯ ಮಾಡಬಹುದಿತ್ತು. ಆ ದಿನ ಇದು ತಲೆಗೆ ಬಂದಿದ್ದರೆ ಕಥೆಯೂ ಚೆನ್ನಾಗಿರುತ್ತಿತ್ತು, ಆ ದಾಳ ನೆಲಕ್ಕೂ ಬೀಳುತ್ತಿರಲಿಲ್ಲ.

ಎರಡನೆಯದು ಜಾಗ. ಮಂಡ್ಯದ ಕಡೆ ನಾಲೆಗಳ ಮೇಲೆ ಕಿರಿದಾದ ಸೇತುವೆಗಳಿವೆ. ಒಂದು ಎತ್ತಿನ ಗಾಡಿ ಬಂದರೆ ಎದುರಿನವರು ಕಾಯಬೇಕು. ನಮ್ಮ ಆಟದ ಲೋಕದಲ್ಲಿ ಅಂಥ ಸೇತುವೆ ಬೇಕಾದಷ್ಟಿವೆ. ಎಂಟು ಗಾಬ್ಲಿನ್ ಬಯಲಲ್ಲಿ ಬಂದರೆ ಸಾವು, ಸೇತುವೆ ಮೇಲೆ ಬಂದರೆ ಒಂದು ಸಲಕ್ಕೆ ಎರಡೇ. ಅದೇ ಎಂಟು, ಅದೇ ಅಂಕ, ಆದರೆ ಕಾಳಗ ಬೇರೆ. ಇದನ್ನು ಯಾವ ಪಟ್ಟಿಯಲ್ಲೂ ಅಂಕಿಯಾಗಿ ಬರೆಯಲು ಆಗುವುದಿಲ್ಲ. ಜಾಗವನ್ನು ನೋಡಿ ಉಪಯೋಗಿಸಿಕೊಳ್ಳುವುದು ಆಡುವವರ ಜಾಣ್ಮೆ. ನಾನು ಸೇತುವೆ ಬರೆದು ಸುಮ್ನೆ ಕೂರುತ್ತೇನೆ.

ಮುಂಚೆಯೇ ಹೇಳಿಬಿಡುವುದು ಇನ್ನೊಂದು. ಗದೆ ಎಷ್ಟು ದಪ್ಪ, ಬಾಗಿಲಲ್ಲಿ ಬಿದ್ದ ಕಬ್ಬಿಣದ ಗುರಾಣಿ ಹೇಗೆ ಮಡಚಿಕೊಂಡಿದೆ ಅಂತ ವರ್ಣಿಸುತ್ತೇನೆ. ಅಷ್ಟಕ್ಕೇ ನಿಲ್ಲಿಸುವುದಿಲ್ಲ. "ನೋಡು, ಇದರ ಏಟಿನ ಸರಾಸರಿ ಹದಿಮೂರು, ನಿನ್ ಹತ್ರ ಏಳಿದೆ" ಅಂತ ಬಾಯಿ ಬಿಟ್ಟು ಹೇಳುತ್ತೇನೆ. ಗುಟ್ಟು ರಟ್ಟಾಯಿತು ಅಂತ ಕೆಲವರು ಬೇಸರಪಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಲೋಕದಲ್ಲೇ ಹುಟ್ಟಿ ಬೆಳೆದ ಭೈರವಿಗೆ ಓಗರ್ ಅಂದರೆ ಏನು ಅಂತ ಗೊತ್ತಿರುತ್ತದೆ. ಸರಸ್ವತಿಪುರಂನಲ್ಲಿ ಕೂತ ಹುಡುಗಿಗೆ ಅದನ್ನು ತಿಳಿಸುವುದು ನನ್ನ ಕೆಲಸ.

ಹಿಟ್ ಪಾಯಿಂಟಿನ ವಿಷಯದಲ್ಲಿ ನಾನು ತುಂಬಾ ದಿನ ಒದ್ದಾಡಿದೆ. ಪುಸ್ತಕದಲ್ಲಿ ಓಗರ್‌ಗೆ 59 ಅಂತ ಇದೆ. ಆದರೆ ಪಕ್ಕದಲ್ಲೇ ಅದು ಹೇಗೆ ಬಂತು ಅಂತಲೂ ಇದೆ: ಹತ್ತು ಮುಖದ ಏಳು ದಾಳ, ಅದಕ್ಕೆ 21. ಅಂದರೆ 28 ಇರುವ ಬಡಕಲು ಓಗರ್ ಕೂಡ ಓಗರೇ, 91 ಇರುವ ಕೊಬ್ಬಿದ್ದೂ ಓಗರೇ. ಇಷ್ಟು ಜಾಗ ಇರುವಾಗ ಕಾಳಗದ ಮಧ್ಯೆ ಮನಸ್ಸಿನಲ್ಲೇ 59ನ್ನು 40 ಮಾಡಿದರೆ ತಪ್ಪೇನು ಅಂತ ಕೇಳಿಕೊಳ್ಳುತ್ತಿದ್ದೆ. ನಿಯಮ ಮುರಿದ ಹಾಗೆ ಆಗುವುದಿಲ್ಲ. ಆದರೆ ಮಧ್ಯದಲ್ಲಿ ಇಳಿಸಿದರೆ ಕೆಂಚಣ್ಣನ ಕೊನೆಯ ಏಟು ಅವನದಲ್ಲ, ನನ್ನದು. ಅದಕ್ಕೇ ಈಗ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಆಟಕ್ಕೆ ಮೊದಲು ಪ್ರತಿ ಶತ್ರುವಿನ ಹಿಟ್ ಪಾಯಿಂಟು, ಪಕ್ಕದ ಕೋಣೆಯಲ್ಲಿ ಅಡಗಿರುವವರ ಸಂಖ್ಯೆ, ಅವರು ಯಾವಾಗ ಬರುತ್ತಾರೆ ಅನ್ನುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಮಡಚಿ, ನನ್ನ ಕಾಫಿ ಲೋಟದ ಕೆಳಗೆ ಇಡುತ್ತೇನೆ. ಆಟ ಮುಗಿದ ಮೇಲೆ ಯಾರು ಬೇಕಾದರೂ ಬಿಚ್ಚಿ ನೋಡಬಹುದು.

ಇಬ್ಬರು ಬರಲಾಗದ ವಾರ ಚೀಟಿಯನ್ನು ಬದಲಿಸುತ್ತೇನೆ, ಎಲ್ಲರ ಎದುರಿಗೇ, ಆಟ ಶುರುವಾಗುವ ಮೊದಲು. ಜಾತ್ರೆಯ ಗಲಾಟೆಯಂಥ ದೊಡ್ಡ ಗುಂಪು ಬೇಕಾದಾಗ 2008ರ ನಾಲ್ಕನೇ ಆವೃತ್ತಿಯಿಂದ ಒಂದು ಉಪಾಯ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಒಂದೇ ಹಿಟ್ ಪಾಯಿಂಟಿನ ಪುಡಿ ಶತ್ರುಗಳಿವೆ. ತಾಗಿದರೆ ಸಾಕು, ಬಿದ್ದರು. ಮೇಷ್ಟ್ರಿಗೆ ಕತ್ತಿ ಬೀಸಿ ಬೀಸಿ ಹುರುಪು ಬರುತ್ತದೆ. ಹೇಗೂ ಚೀಟಿಯಲ್ಲಿ ಮೊದಲೇ ಬರೆದಿರುತ್ತದೆ.

ಆಟದ ನಿಯಮ ಬದಲಿಸುವುದು ನಮ್ಮ ಮೈಸೂರಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫ ಎಂಬ ಎಲೆಯಾಟಗಳಿಗಾಗಿ ಶ್ರೀತತ್ತ್ವನಿಧಿ ಎಂಬ ತಮ್ಮ ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವನ್ನೇ ಇಟ್ಟರು. ದಶಾವತಾರ ಗಂಜೀಫದಲ್ಲಿ 120 ಎಲೆ. ಹಗಲು ಆಡಿದರೆ ರಾಮನಿಂದ ಶುರು, ರಾತ್ರಿ ಆದರೆ ಕೃಷ್ಣನಿಂದ. ಹೊತ್ತು ನೋಡಿ ಆಟವೇ ಬದಲಾಗುತ್ತದೆ, ಆದರೆ ಎಲೆ ಹಂಚುವ ಮೊದಲೇ ಕೂತವರಿಗೆಲ್ಲ ಅದು ಗೊತ್ತಿರುತ್ತದೆ. ನನ್ನ ಚೀಟಿಯೂ ಅಂಥದ್ದೇ ಅಂದುಕೊಂಡಿದ್ದೇನೆ.

ಒಂದು ವಿಷಯ ನನಗೆ ತಡವಾಗಿ ಅರ್ಥವಾಯಿತು. ಕಷ್ಟ ಇರುವುದು ಒಂದು ಕಾಳಗದಲ್ಲಿ ಅಲ್ಲ, ಇಡೀ ದಿನದಲ್ಲಿ. 2014ರ ಪುಸ್ತಕ ಆಟದೊಳಗಿನ ಒಂದು ದಿನಕ್ಕೆ ಮಧ್ಯಮ ಅಥವಾ ಕಷ್ಟದ ಆರರಿಂದ ಎಂಟು ಕಾಳಗ ಅಂತ ಎಣಿಸುತ್ತದೆ. ನಮ್ಮಲ್ಲಿ ಒಂದು ಭಾನುವಾರಕ್ಕೆ ಒಂದೇ ಕಾಳಗ, ತಪ್ಪಿದರೆ ಎರಡು. ಮುಗಿದ ಕೂಡಲೇ "ಮಲಗ್ತೀವಿ" ಅನ್ನುತ್ತಿದ್ದರು. ಬೆಳಿಗ್ಗೆ ಎದ್ದರೆ ಎಲ್ಲಾ ಮಂತ್ರ ವಾಪಸ್. ಮೂರನೇ ಲೆವೆಲ್‌ಗೆ ಬಂದ ಭೈರವಿಗೆ ದಿನಕ್ಕೆ ಮೊದಲ ದರ್ಜೆಯ ನಾಲ್ಕು, ಎರಡನೇ ದರ್ಜೆಯ ಎರಡು ಮಂತ್ರ. ಎಲ್ಲವನ್ನೂ ಒಂದೇ ಕಾಳಗದಲ್ಲಿ ಸುರಿದರೆ ಎಂಥ ಶತ್ರುವೂ ನಿಲ್ಲುವುದಿಲ್ಲ. ಕತ್ತಿ ಹಿಡಿದ ಕೆಂಚಣ್ಣ ಪಕ್ಕದಲ್ಲಿ ನಿಂತು ನೋಡಬೇಕು. ನಾನು ಶತ್ರುವನ್ನು ದಪ್ಪ ಮಾಡುತ್ತಾ ಹೋದೆ, ಅವರು ಇನ್ನೂ ಬೇಗ ಸುರಿಯುತ್ತಾ ಹೋದರು. ಮೇಷ್ಟ್ರು ಒಂದು ದಿನ ಮೆಲ್ಲಗೆ ಅಂದರು, "ನಾನು ಬರೀ ಬಾಗಿಲು ತಳ್ಳೋಕೆ ಇದೀನಿ ಅನ್ಸತ್ತೆ ಕಣಪ್ಪ."

ಅವತ್ತಿನಿಂದ ಆಟದ ದಿನ ನಮ್ಮ ಭಾನುವಾರದ ಜೊತೆಗೆ ಮುಗಿಯುವುದಿಲ್ಲ. ಯಾರ ಹತ್ತಿರ ಎಷ್ಟು ಮಂತ್ರ ಉಳಿದಿದೆ, ಎಷ್ಟು ಗಾಯ ಇದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮುಂದಿನ ವಾರ ಅಲ್ಲಿಂದಲೇ ಶುರು ಮಾಡುತ್ತೇವೆ. ಮಲಗಬಹುದು, ಆದರೆ ಮಲಗಿದರೆ ಹೊತ್ತು ಹೋಗುತ್ತದೆ, ನಾಲೆಯ ನೀರು ಏರುತ್ತದೆ, ಹಿಡಿದುಕೊಂಡು ಹೋದ ಹುಡುಗನನ್ನು ಇನ್ನೂ ದೂರ ಸಾಗಿಸುತ್ತಾರೆ. ಈಗ ಭೈರವಿ ಒಂದು ಮಂತ್ರ ಹಾಕುವ ಮೊದಲು ಮೇಷ್ಟ್ರ ಮುಖ ನೋಡುತ್ತಾಳೆ. "ಬೇಡ, ಇಟ್ಕೊ, ಇದು ನಂಗಿರ್ಲಿ" ಅನ್ನುತ್ತಾರೆ ಅವರು, ಕತ್ತಿಯ ದಾಳ ಕೈಗೆತ್ತಿಕೊಳ್ಳುತ್ತಾ. ಆ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ತಣ್ಣಗಾಗುತ್ತದೆ.

ಕಳೆದ ತಿಂಗಳು ಅವರು ನಾಲ್ಕನೇ ಲೆವೆಲ್‌ನಲ್ಲಿದ್ದರು. ಅಕ್ಕನ ಮಗಳು ಈಗ ಪಿಯುಸಿ. ಆಟದೊಳಗೆ ಅದು ಆ ದಿನದ ಮೂರನೇ ಕಾಳಗ, ಮಾದಮ್ಮನ ಮಂತ್ರ ಪೂರ್ತಿ ಖಾಲಿ. ಊರಿನವರು ನಾಲೆ ಸೇತುವೆ ದಾಟಿ ಓಡುತ್ತಿದ್ದಾರೆ. ಹಿಂದಿನಿಂದ ಎರಡು ಓಗರ್, ನಾಲ್ಕು ಗಾಬ್ಲಿನ್. ಅಂಕದಲ್ಲಿ 1100, ಎರಡರಿಂದ ಗುಣಿಸಿದರೆ 2200. ಅವರಿಗೆ ಪ್ರಾಣಾಂತಕ ಅಂದರೆ 2000. ಇಷ್ಟನ್ನೂ ಬಾಯಿ ಬಿಟ್ಟು ಹೇಳಿದೆ. ಓಡಿಹೋಗಲು ದಾರಿ ಇದೆ ಅಂತಲೂ ಹೇಳಿದೆ.

ಸೇತುವೆಯ ಬಾಯಲ್ಲಿ ಕೆಂಚಣ್ಣ ನಿಂತ. ಅವನ ಬೆನ್ನಿಗೆ ಭೈರವಿ. ಮೊದಲ ಓಗರ್ ಬಿದ್ದ ಕೂಡಲೇ ಗಾಬ್ಲಿನ್‌ಗಳ ಧೈರ್ಯಕ್ಕೆ ದಾಳ ಹಾಕಿದೆ. ತಟ್ಟೆಯಲ್ಲಿ 5, 4. ಒಂಬತ್ತು. ನಾಲ್ಕೂ ಕಬ್ಬಿನ ಗದ್ದೆಗೆ ಓಡಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೇ ಓಗರ್ ನಿಂತಿತು. ಅದು ಕೆಂಚಣ್ಣನನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂತು, ಅದಕ್ಕೆ ಬೇಕಾದದ್ದು ಸೇತುವೆ ದಾಟುವುದು. ಹಿಂದೆ ಇನ್ನೂ ಒಬ್ಬ ಮುದುಕಿಯನ್ನು ಗುಬ್ಬಿ ನಡೆಸಿಕೊಂಡು ಹೋಗುತ್ತಿದ್ದ.

"ಭೈರವಿ ದಾರಿ ಬಿಡ್ತಾಳಾ?" ಅಂತ ಕೇಳಿದೆ. "ಬಿಟ್ರೆ ಅದು ನಿನ್ನ ಮುಟ್ಟಲ್ಲ."

ಅಕ್ಕನ ಮಗಳು ತನ್ನ ಹಾಳೆ ನೋಡಿದಳು. ಉಳಿದದ್ದು 11 ಹಿಟ್ ಪಾಯಿಂಟ್. ತಟ್ಟೆ ನೋಡಿದಳು. "ಬಿಡಲ್ಲ ಮಾಮ."

ಗದೆ ತಾಗಿತು. 5, 6, ಮೇಲೆ 4. ಹದಿನೈದು. ಭೈರವಿ ಬಿದ್ದಳು. ಓಗರ್ ಬಿದ್ದವಳನ್ನು ಮತ್ತೆ ಹೊಡೆಯಲಿಲ್ಲ, ಅದಕ್ಕೆ ದಾರಿ ಸಿಕ್ಕಿತ್ತು. ಮುದುಕಿ ಅಷ್ಟರಲ್ಲಿ ಆಚೆ ದಡ ಮುಟ್ಟಿದ್ದಳು.

ಸಾವಿನ ದವಡೆಯಲ್ಲಿರುವ ಪಾತ್ರಕ್ಕೆ ಇಪ್ಪತ್ತು ಮುಖದ ದಾಳ. ಹತ್ತು ಅಥವಾ ಮೇಲೆ ಬಂದರೆ ಒಂದು ಗೆಲುವು, ಕೆಳಗೆ ಬಂದರೆ ಒಂದು ಸೋಲು. ಮೂರು ಸೋಲಾದರೆ ಮುಗಿಯಿತು. ಅವಳೇ ಹಾಕಿದಳು. 1. ಒಂದು ಬಿದ್ದರೆ ಎರಡು ಸೋಲಿನ ಲೆಕ್ಕ. ಯಾರೂ ಮಾತಾಡಲಿಲ್ಲ. ಮಾದಮ್ಮ ಆಚೆ ದಡದಲ್ಲಿ, ನಡುವೆ ಓಗರ್. ಕೆಂಚಣ್ಣ ಓಗರ್ ಬೆನ್ನಿಗೆ ಕತ್ತಿ ಹಾಕಿದ, ಅದು ಬೀಳಲಿಲ್ಲ. ಸುತ್ತು ತಿರುಗಿ ಮತ್ತೆ ಅವಳ ಸರದಿ ಬಂತು. ದಾಳವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ತಟ್ಟೆಗೆ ಬಿಟ್ಟಳು.

8.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಗೆಳೆಯನ ಹೆಂಡತಿ ಅವಳ ಬೆನ್ನ ಮೇಲೆ ಕೈಯಿಟ್ಟರು. ಅವಳ ಕಣ್ಣಲ್ಲೂ ನೀರಿತ್ತು. ಆದರೆ ಎದ್ದು ಹೋಗಲಿಲ್ಲ. ಕೆಂಚಣ್ಣ ಎರಡನೇ ಓಗರನ್ನು ಕೆಡವುವವರೆಗೆ ಪ್ರತಿ ದಾಳವನ್ನೂ ನೋಡುತ್ತಾ ಕೂತಿದ್ದಳು.

ಆಟ ಮುಗಿದ ಮೇಲೆ ನನ್ನ ಲೋಟ ಎತ್ತಿ ಪಕ್ಕಕ್ಕಿಟ್ಟು, ಕಾಫಿ ಕಲೆಯಾದ ಚೀಟಿ ಬಿಚ್ಚಿದಳು. ಮೊದಲನೆಯ ಓಗರ್ 48, ಎರಡನೆಯದು 66. ಮೇಷ್ಟ್ರು ಬರೆದುಕೊಂಡಿದ್ದ ಏಟುಗಳನ್ನು ಒಂದೊಂದಾಗಿ ಕೂಡಿಸಿ ನೋಡಿದಳು.

"ಸರಿ ಇದೆ ಮಾಮ," ಅಂದಳು. ಭೈರವಿಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಗೊಂಬೆ ಪೆಟ್ಟಿಗೆಯಲ್ಲಿ, ಮರದ ಆನೆಗಳ ಪಕ್ಕದಲ್ಲಿ ಇಟ್ಟಳು. ಆಮೇಲೆ ಒಂದು ಹೊಸ ಹಾಳೆ ಕೇಳಿದಳು.